ಎರಿ ನೆಲದ ಲೀಗ್

ಗದಗ ಬಿಟ್ಟ ಗಾಡಿ ಹುಲಕೋಟಿ ದಾಟುತ್ತಲೇ ಎರಡೂ ಬದಿಗೆ ಎರಿ ಹೊಲ ತೆರೆದುಕೊಂಡಿತು. ಕಣ್ಣು ಹಾಯುವ ತನಕ ಒಂದು ದಿಬ್ಬವಿಲ್ಲ. ಅಣ್ಣಿಗೇರಿಯಲ್ಲಿ ಕಿಟ್ ಬ್ಯಾಗ್ ಹೊತ್ತ ಇಬ್ಬರು ಹುಡುಗರು ಹತ್ತಿ ಬಾಗಿಲ ಬಳಿಯೇ ಕುಕ್ಕರಿಸಿದರು. ಹುಬ್ಬಳ್ಳಿಯಲ್ಲಿ ಕ್ರಿಕೆಟ್ ಲೀಗ್ ಮ್ಯಾಚ್ ಅಂತೆ. “ಸೋತ್ರ ಈ ಸಲ ಕೆಳಗಿನ ಡಿವಿಜನ್‌ಗೆ ಹೊಂಟ್ವಿ ನೋಡ್ರಿ,” ಎಂದ ಒಬ್ಬ, ಆಸ್ತಿ ವ್ಯಾಜ್ಯದ ತೀರ್ಪಿಗೆ ಹೊರಟವನ ಮುಖ ಮಾಡಿ.

ಇದೇ ಹಾದಿಯಲ್ಲಿ, ಸುಮಾರು 60 ಕಿಲೋಮೀಟರ್, ಗದಗಿನ ಎಡಗೈ ಸ್ಪಿನ್ನರ್ ಸುನೀಲ್ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲೇ ಹುಬ್ಬಳ್ಳಿಗೆ ಬಂದು, ಬೌಲಿಂಗ್ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು ಭಾರತದ ಪರ ಅದೇ ಎಡಗೈ 10 ಓವರ್ ಹಾಕಿತು: 6 ಮೇಡನ್, 6 ರನ್, 5 ವಿಕೆಟ್. ಎದುರಾಳಿ 117ಕ್ಕೆ ಆಲೌಟ್. ಹೆಬಸೂರ, ಕುಸುಗಲ್ ಹಿಂದೆ ಸರಿಯುವಾಗ ಆ ಲೆಕ್ಕವನ್ನು ಮತ್ತೆ ಮತ್ತೆ ಹೇಳಿಕೊಂಡೆ. ಈಗಲೂ ನಂಬಿಕೆ ಬರುವುದಿಲ್ಲ.

ಹುಡುಗರು ಆಡಹೊರಟ ಲೀಗಿಗೂ ಒಂದು ಹಿನ್ನೆಲೆಯಿದೆ. 1933ರಲ್ಲಿ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿದಾಗ ಹುಬ್ಬಳ್ಳಿ-ಧಾರವಾಡ ಮುಂಬೈ ಪ್ರಾಂತ್ಯದ ಊರುಗಳು. 1956ರ ಏಕೀಕರಣ ನಕಾಶೆ ಬದಲಿಸಿತು. ಆ ಸಂಸ್ಥೆ ಮುಂದೆ ಕರ್ನಾಟಕದ್ದಾಯಿತು, ಅದರಲ್ಲಿ ಧಾರವಾಡಕ್ಕೂ ಒಂದು ವಲಯ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಗದಗಿನ ಕ್ಲಬ್‌ಗಳು ಡಿವಿಜನ್ ಕಟ್ಟಿಕೊಂಡು ಪಾಯಿಂಟ್ಸಿಗೆ ಹೊಡೆದಾಡುತ್ತವೆ. ಇಂಥ ಊರೂರ ಪೈಪೋಟಿ ಬೇರೆಡೆಯೂ ಉಂಟು. ಐರ್ಲೆಂಡಿನಲ್ಲಿ ಹರ್ಲಿಂಗ್ ಎಂಬ ಕೋಲು-ಚೆಂಡಿನ ಆಟಕ್ಕೆ ಕೌಂಟಿ ಮಟ್ಟದ ಕ್ಲಬ್ ಚಾಂಪಿಯನ್‌ಶಿಪ್ ಇದೆ; ಸಂಬಳವಿಲ್ಲದೆ ತನ್ನ ಊರಿನ ಚರ್ಚಿನ ವ್ಯಾಪ್ತಿಯ ತಂಡಕ್ಕಾಗಿ ಆಡುವುದು ಅಲ್ಲಿಯ ರೂಢಿ. ನಮ್ಮಲ್ಲಿ ಹುಡುಗರು ಕ್ಲಬ್ ಬದಲಿಸುತ್ತಾರೆ. ಆದರೆ ಚಹಾದಂಗಡಿಯಲ್ಲಿ ‘ನಮ್ಮವರು’ ಎನ್ನುವಾಗಿನ ಗತ್ತು ಅಲ್ಲಿಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆ ಇರಲಿಕ್ಕಿಲ್ಲ.

ಹುಬ್ಬಳ್ಳಿಯ ರಾಜನಗರದ ಮೈದಾನಕ್ಕೆ ಹೋದವರಿಗೆ ಮೊದಲು ಕಣ್ಣು ತುಂಬುವುದು ಹಸಿರು. ರಣಜಿ ಪಂದ್ಯಗಳು ನಡೆಯುವ ಟರ್ಫ್ ಅದು, ಬಿಸಿಲೂರಿನ ನಡುವೆ ಯಾರೋ ಹಾಸಿಟ್ಟಂತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಗಾಡಿಯ ಹುಡುಗರ ಮ್ಯಾಚ್ ಇದ್ದ ಬೇರೆಯದೇ ಒಂದು ಬಯಲು. ಅಲ್ಲಿ ನಾಲ್ವರು ಹುಡುಗರು ಸುರುಳಿ ಸುತ್ತಿದ ನಾರಿನ ಮ್ಯಾಟನ್ನು ಹೆಗಲ ಮೇಲೆ ತಂದು ಧೊಪ್ಪೆಂದು ಇಳಿಸಿದರು. ಧೂಳೆದ್ದಿತು. ಬಿಚ್ಚಿ, ಎರಡೂ ತುದಿ ಹಿಡಿದು ಜಗ್ಗಿ, ಅಂಚಿಗೆ ಕಬ್ಬಿಣದ ಮೊಳೆ ಬಡಿದರು. ಒಬ್ಬ ಬರಿಗಾಲಲ್ಲಿ ಉದ್ದಕ್ಕೂ ನಡೆದು, ಎಲ್ಲಿ ಸುಕ್ಕಿದೆ ಎಂದು ಹೆಬ್ಬೆರಳಿನಿಂದಲೇ ಪತ್ತೆ ಹಚ್ಚಿದ. ಮತ್ತೆ ಮೊಳೆ ಕಿತ್ತರು, ಮತ್ತೆ ಜಗ್ಗಿದರು. ಮ್ಯಾಟ್ ಸಡಿಲಾದರೆ ಚೆಂಡು ತನಗೆ ತೋಚಿದಂತೆ ಏಳುತ್ತದೆ. ನಾರು ಚೆಂಡನ್ನು ಕಚ್ಚಿ ಹಿಡಿದು ಸರಕ್ಕನೆ ತಿರುಗಿಸುತ್ತದೆ. ಇಲ್ಲಿ ಎದೆಮಟ್ಟದ ಚೆಂಡಿಗೆ ಪಳಗಿದ ಬ್ಯಾಟ್ಸ್‌ಮನ್ ಟರ್ಫಿಗೆ ಹೋದಾಗ ತಗ್ಗಿ ಬರುವ ಚೆಂಡಿಗೆ ಕಾಲು ಕೊಟ್ಟು ಎಲ್‌ಬಿಡಬ್ಲ್ಯು ಆಗುತ್ತಾನೆ. ಬೆಂಗಳೂರಿನ ಹುಡುಗರ ಜತೆ ಪೈಪೋಟಿಗೆ ನಿಂತಾಗ ಈ ಕಡೆಯವರಿಗೆ ಬೀಳುವ ಮೊದಲ ಪೆಟ್ಟು ಇದೇ ಎಂದು ನನ್ನ ಗುಮಾನಿ.

ನೋಡುವವರು? ಬೇವಿನ ಮರದಡಿ ಏಳೆಂಟು ಜನ, ಒಂದು ನಾಯಿ. ಆದರೂ ಅಂಪೈರ್ ಬೆರಳೆತ್ತಿದಾಗ ಎದ್ದ ಕೂಗಿಗೆ ರಸ್ತೆಯ ಆಟೋ ನಿಂತಿತು. ಚಾಲಕ ಇಳಿದು ಸ್ಕೋರ್ ಕೇಳಿ, ಒಂದು ಓವರ್ ನೋಡಿ ಹೋದ. ಊರಿನ ಹೆಸರು ಹೊತ್ತ ಟಿ20 ತಂಡ ಹುಬ್ಬಳ್ಳಿ ಟೈಗರ್ಸ್ 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್), 2023ರಲ್ಲಿ ಮಹಾರಾಜ ಟ್ರೋಫಿ ಗೆದ್ದಿತು. ಎರಡೂ ಫೈನಲ್ ನಡೆದದ್ದು ಬೇರೆ ಊರಲ್ಲಿ. ಊರಿನ ಕಣ್ಣೆದುರು ಆಡುವ ಭಾಗ್ಯ ಈ ಹೆಸರಿಲ್ಲದವರದ್ದು.

ಅಣ್ಣಿಗೇರಿಯ ಹುಡುಗರ ತಂಡ ಕೊನೆಯ ವಿಕೆಟ್‌ಗೆ ಗೆದ್ದಿತು. ಗಾಡಿಯಲ್ಲಿ ಮುಖ ಬಾಡಿಸಿಕೊಂಡಿದ್ದವನೇ ಗೆಲುವಿನ ರನ್ ಓಡಿದ್ದ. ಗಿರಮಿಟ್ ಪೊಟ್ಟಣ ಹಿಡಿದು ನಿಂತಿದ್ದವನನ್ನು ಕೇಳಿದೆ: ಇನ್ನು ಡಿವಿಜನ್ ಉಳಿದಂಗಾತಲ್ಲ? “ಎಲ್ಲಿದ್ರಿ, ಇನ್ನೂ ಬೆಳಗಾವಿಯವ್ರ ಮ್ಯಾಚ್ ಬಾಕಿ ಐತಿ,” ಎಂದವನೇ ಬಾಯಿಗೆ ಮಿರ್ಚಿ ತುರುಕಿಕೊಂಡು ಸ್ಕೋರ್ ಪುಸ್ತಕ ತಿದ್ದುತ್ತಿದ್ದವನ ಜೊತೆ ಒಂದು ವೈಡಿನ ಜಗಳಕ್ಕೆ ಹೋದ.