ಧಾನ್ಯವಿಲ್ಲದ ಶಾವಿಗೆ, ಒಂದೇ ಪಂಕ್ತಿಯ ಊಟ



ನಮ್ಮ ಕಡೆ ಊಟವೆಂದರೆ ಮೊದಲು ಧಾನ್ಯ, ಉಳಿದದ್ದೆಲ್ಲ ಅದರ ಪಕ್ಕದ್ದು. ಭದ್ರಾ ನಾಲೆಯ ನೀರುಣ್ಣುವ ಚನ್ನಗಿರಿ, ಹೊನ್ನಾಳಿಗಳ ಬಯಲಿನಲ್ಲಿ ಅದು ಅನ್ನ. ಮಳೆಯನ್ನೇ ನಂಬಿದ ಜಗಳೂರಿನ ಒಣಭೂಮಿಯಲ್ಲಿ ಮುದ್ದೆ ಅಥವಾ ರೊಟ್ಟಿ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಗಿರುವ ನ್ಯಾಮತಿಯ ಮನೆಗಳಲ್ಲಿ ಎರಡೂ ಉಂಟು. ಹಬ್ಬ ಬಂದರೆ ಶಾವಿಗೆ ಸೇರುತ್ತದೆ. ಈಗೀಗ ಮಕ್ಕಳ ಒತ್ತಾಯಕ್ಕೆ ಪೇಟೆಯಿಂದ ಪಾಸ್ತಾ ಪೊಟ್ಟಣವೂ ಬರುತ್ತಿದೆ. ಹೆಸರು ಪರದೇಶದ್ದಾದರೂ ಅದೂ ಗೋಧಿಯೇ. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು ಬೇಡುವಾಗ ನಮ್ಮ ಕಣ್ಮುಂದೆ ನಿಲ್ಲುವುದು ಧಾನ್ಯದ ತಟ್ಟೆಯೇ ಅಲ್ಲವೇ?

ಹೀಗಿರುವಾಗ ವೈದ್ಯರು ಒಂದು ದಿನ, ‘ಅನ್ನ, ಮುದ್ದೆ, ಚಪಾತಿ ಎಲ್ಲವನ್ನೂ ಕಡಿಮೆ ಮಾಡಿ’ ಎಂದರೆ ಆ ಮನೆಯ ಊಟದ ಅಡಿಗಲ್ಲೇ ಅಲುಗಿದಂತಾಗುತ್ತದೆ. ಈ ಮಾತನ್ನು ಕೇಳಿಸಿಕೊಂಡಿರುವ ಮನೆಗಳು ಒಂದೆರಡಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಅಧ್ಯಯನವೊಂದು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಅದೇ ಅಧ್ಯಯನದ 2025ರ ವರದಿಯು ಇನ್ನೊಂದು ಸಂಗತಿಯನ್ನು ತಿಳಿಸಿತು. ಭಾರತೀಯರು ಆಹಾರದಿಂದ ಪಡೆಯುವ ಶಕ್ತಿಯಲ್ಲಿ ಶೇಕಡ 62ರಷ್ಟು ಕಾರ್ಬೋಹೈಡ್ರೇಟ್‌ನಿಂದ, ಅಂದರೆ ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತಿದೆ. ಬಿಳಿ ಅಕ್ಕಿಯ ಜಾಗದಲ್ಲಿ ಗೋಧಿಯನ್ನೋ ಸಿರಿಧಾನ್ಯವನ್ನೋ ಇಟ್ಟ ಮಾತ್ರಕ್ಕೆ ಅಪಾಯ ತಗ್ಗುವುದಿಲ್ಲ; ಒಟ್ಟು ಪ್ರಮಾಣವೇ ಇಳಿಯಬೇಕು ಎಂಬುದು ಅದರ ಸಾರ. ಅನ್ನ ಬಿಟ್ಟು ಅಷ್ಟೇ ದೊಡ್ಡ ಮುದ್ದೆ ಉಣ್ಣುವವರು ಈ ಮಾತನ್ನು ಗಮನಿಸಬೇಕು.

ಹಾಗಾದರೆ ತಟ್ಟೆಯಲ್ಲಿ ತೆರವಾದ ಜಾಗವನ್ನು ತುಂಬುವುದು ಯಾವುದು? ಪಾಸ್ತಾ ಇಲ್ಲದೆ ಊಟವೇ ಇಲ್ಲ ಎನ್ನುವ ಪಾಶ್ಚಾತ್ಯರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಅಲ್ಲಿ ಸ್ಪಗೆಟಿ ಸ್ಕ್ವಾಷ್ ಎಂಬ ಕಾಯಿಯಿದೆ. ನಮ್ಮ ಕುಂಬಳದ ಬಳಗಕ್ಕೆ ಸೇರಿದ್ದು. ಅದನ್ನು ಅಡ್ಡಲಾಗಿ ಸೀಳಿ ಬೇಯಿಸಿ ಮುಳ್ಳುಚಮಚದಿಂದ ಕೆರೆದರೆ ತಿರುಳು ತಾನಾಗಿಯೇ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ ಟೊಮೆಟೊ ಗೊಜ್ಜು ಸುರಿದು ಪಾಸ್ತಾದಂತೆ ಉಣ್ಣುತ್ತಾರೆ. ಆ ಕಾಯಿಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ನಮಗೇ ಅನ್ವಯಿಸುತ್ತದೆ. ಬೇಲಿಯ ಮೇಲೆ ಹಬ್ಬಿದ ಸೋರೆ, ಸಂತೆಯಲ್ಲಿ ಸಿಗುವ ಸೀಮೆಬದನೆ, ಸಿಹಿಗುಂಬಳ ಇವೆಲ್ಲ ಅದೇ ಕುಲದವು.

ಲೆಕ್ಕ ನೋಡಿ. 100 ಗ್ರಾಂ ಬೆಂದ ಪಾಸ್ತಾದಲ್ಲಾಗಲಿ ಅನ್ನದಲ್ಲಾಗಲಿ ಸುಮಾರು 25ರಿಂದ 30 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಷ್ಟೇ ತೂಕದ ಸೋರೆಕಾಯಿ ಅಥವಾ ಸೀಮೆಬದನೆಯಲ್ಲಿ ಅದು 5 ಗ್ರಾಂಗಿಂತ ಕಡಿಮೆ. ಸಿಹಿಗುಂಬಳದಲ್ಲಿ ಸ್ವಲ್ಪ ಹೆಚ್ಚು. ಉಳಿದದ್ದು ಬಹುಪಾಲು ನೀರು.

ನಮ್ಮ ಗುರುಮನೆಯ ಅಡುಗೆಮನೆಯಲ್ಲಿ ರೂಢಿಯಾಗಿರುವ ಕ್ರಮವನ್ನು ಹೇಳುತ್ತೇನೆ. ಬೀಜ ಬಲಿಯದ ಎಳೆಯ ಸೋರೆಕಾಯಿಯನ್ನು ಆರಿಸಿಕೊಳ್ಳಿ. ಮೊದಲು ಒಂದು ಚೂರನ್ನು ನಾಲಿಗೆಗೆ ಇಟ್ಟು ನೋಡಿ. ಕಹಿಯಾಗಿದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆದುಬಿಡಿ. ಕಹಿ ಸೋರೆಯಲ್ಲಿ ವಿಷಾಂಶವಿರುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಕಹಿಯಿಲ್ಲದಿದ್ದರೆ ಸಿಪ್ಪೆ ತೆಗೆದು, ಕಾಯಿಯನ್ನು ತುರಿಯುವ ಮಣೆಯ ಮೇಲೆ ಉದ್ದುದ್ದವಾಗಿ ಎಳೆಯಿರಿ. ಮೇಲೆ ಕೆಳಗೆ ಉಜ್ಜಿದರೆ ಎಳೆ ತುಂಡಾಗುತ್ತದೆ. ನಡುವಿನ ಬೀಜದ ಭಾಗವನ್ನು ಸಾರಿಗೆ ಇಟ್ಟುಕೊಳ್ಳಿ. ಎಳೆಗಳಿಗೆ ಚಿಟಿಕೆ ಉಪ್ಪು ಬೆರೆಸಿ ಕಾಲು ಗಂಟೆ ಬಿಟ್ಟು, ಬಿಟ್ಟುಕೊಂಡ ನೀರನ್ನು ಹಿಂಡಿ ತೆಗೆಯಿರಿ. ಅಗಲವಾದ ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಮಾಡಿ, ಎಳೆಗಳನ್ನು ಹಾಕಿ ದೊಡ್ಡ ಉರಿಯಲ್ಲಿ ಎರಡು ಮೂರು ನಿಮಿಷ ಮಾತ್ರ ಕೈಯಾಡಿಸಿ. ಮುಚ್ಚಳ ಮುಚ್ಚಬೇಡಿ, ಮುಚ್ಚಿದರೆ ಶಾವಿಗೆ ಹೋಗಿ ಪಲ್ಯವಾಗುತ್ತದೆ. ಕೆಳಗಿಳಿಸಿ ನಿಂಬೆರಸ, ಹುರಿದ ಶೇಂಗಾಪುಡಿ ಸೇರಿಸಿದರೆ ಆಯಿತು. ಮಕ್ಕಳಿಗೆ ಪಾಸ್ತಾದ ರುಚಿಯೇ ಬೇಕೆಂದರೆ ಒಗ್ಗರಣೆಯ ಬದಲು ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಬಾಡಿಸಿಕೊಳ್ಳಿ. ಗೋಧಿಯ ಜಿಗುಟು ಇದರಲ್ಲಿ ಇರುವುದಿಲ್ಲ. ಅದನ್ನು ನಿರೀಕ್ಷಿಸದೆ ಉಂಡರೆ ಇದಕ್ಕೆ ಇದರದೇ ರುಚಿಯಿದೆ.

ಕೆಲವು ಎಚ್ಚರಿಕೆಯ ಮಾತುಗಳೂ ಅಗತ್ಯ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಏಕಾಏಕಿ ಧಾನ್ಯ ಬಿಡಬಾರದು. ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಮೂತ್ರಪಿಂಡದ ತೊಂದರೆಯಿರುವವರೂ ಕೇಳಿಯೇ ಮುಂದುವರಿಯಲಿ. ಸೋರೆಯಲ್ಲಿ ಪಿಷ್ಟ ಕಡಿಮೆಯಿರುವಂತೆ ಪ್ರೋಟೀನೂ ಅತ್ಯಲ್ಪ. ಆದ್ದರಿಂದ ಜೊತೆಗೆ ಬೇಳೆ, ಮೊಳಕೆಕಾಳು, ಮೊಟ್ಟೆ, ಮೀನು, ಮೊಸರು ಇವುಗಳಲ್ಲಿ ಯಾವುದಾದರೊಂದು ಇರಲೇಬೇಕು. ಬೆಳೆಯುವ ಮಕ್ಕಳಿಗೂ, ಮೊಲೆಯೂಡಿಸುವ ತಾಯಂದಿರಿಗೂ, ದಿನವಿಡೀ ಗದ್ದೆ ತೋಟಗಳಲ್ಲಿ ದುಡಿಯುವವರಿಗೂ ಧಾನ್ಯ ಬೇಕು. ಧಾನ್ಯ ನಮ್ಮ ಶತ್ರುವಲ್ಲ. ನಮ್ಮ ರೈತರ ಬೆವರಿನ ಫಲ ಅದು.

ವಾಚಕರೇ, ಅಡುಗೆಯ ಕ್ರಮವನ್ನು ಬರೆಯುವುದು ಸುಲಭ. ನನ್ನನ್ನು ಕಾಡುವುದು ಬೇರೊಂದು ಸಂಗತಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆಗಳ ಆಶೀರ್ವಾದಕ್ಕೆ ಹೋದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ: ‘ನನ್ನೊಬ್ಬಳಿಗಾಗಿ ಯಾಕೆ ಬೇರೆ ಅಡುಗೆ ಮಾಡಲಿ ಫಾದರ್?’ ಮಾತ್ರೆಯ ಡಬ್ಬಿ ಯೇಸುವಿನ ತಿರುಹೃದಯದ ಪಟದ ಕೆಳಗೇ ಇರುತ್ತದೆ. ಆ ತಾಯಿ ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯಲ್ಲಿ ಉಳಿದ ಅನ್ನವನ್ನೇ ಉಂಡು ಏಳುತ್ತಾರೆ. ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆ ಬಂದರೆ ಅಡುಗೆಮನೆ ಬದಲಾಗುತ್ತದೆ. ಅಡುಗೆ ಮಾಡುವವರಿಗೇ ಬಂದರೆ ಹಲವು ಮನೆಗಳಲ್ಲಿ ಏನೂ ಬದಲಾಗುವುದಿಲ್ಲ. ಅವರು ಹಟಮಾರಿಗಳೆಂದಲ್ಲ. ಮೂರು ಹೊತ್ತು ಒಲೆಯ ಮುಂದೆ ನಿಂತ ಮೇಲೆ ತನಗಾಗಿ ಮತ್ತೊಂದು ಪಾತ್ರೆ ಇಡುವ ತ್ರಾಣ ಅವರಲ್ಲಿ ಉಳಿದಿರುವುದಿಲ್ಲ. ಕೆಲವೊಮ್ಮೆ ಬೇರೆ ಅಡುಗೆ ಮಾಡಿಕೊಂಡರೂ ಅದು ರೋಗಿಯ ಊಟವೆನಿಸಿಕೊಂಡು ಮೂಲೆಗೆ ಸರಿಯುತ್ತದೆ. ನಾಲ್ಕು ದಿನ ಉಂಡು ಬೇಸತ್ತು ಬಿಟ್ಟುಬಿಡುತ್ತಾರೆ.

ಈ ವಿಷಯದಲ್ಲಿ ಧರ್ಮಸಭೆಯ ನಡೆಯನ್ನು ನಾನು ಆಗಾಗ ಧ್ಯಾನಿಸುತ್ತೇನೆ. ಸೀಲಿಯಾಕ್ ಎಂಬ ಕಾಯಿಲೆಯುಳ್ಳವರಿಗೆ ಗೋಧಿಯಲ್ಲಿರುವ ಗ್ಲುಟೆನ್ ಆಗದು. ಅವರ ಕರುಳನ್ನೇ ಅದು ಹಾಳುಮಾಡುತ್ತದೆ. ಪರಮಪ್ರಸಾದದ ರೊಟ್ಟಿಯಾದರೋ ಗೋಧಿಯದ್ದೇ ಆಗಿರಬೇಕು. ಹಾಗೆಂದು ಅವರನ್ನು ಪೀಠದಿಂದ ದೂರವಿಡಲಿಲ್ಲ. 2003ರ ಜುಲೈಯಲ್ಲಿ ವ್ಯಾಟಿಕನ್ ಬರೆದ ಪತ್ರವೂ, 2017ರ ಸುತ್ತೋಲೆಯೂ ಇದನ್ನು ಸ್ಪಷ್ಟಪಡಿಸಿವೆ. ಗ್ಲುಟೆನ್ ಪೂರ್ತಿಯಾಗಿ ಇಲ್ಲದ ರೊಟ್ಟಿ ಸಲ್ಲದು. ಆದರೆ ಅತ್ಯಲ್ಪ ಗ್ಲುಟೆನ್ ಇರುವ ರೊಟ್ಟಿ ಸಲ್ಲುತ್ತದೆ. ಅದೂ ಆಗದವರು ಪಾನಪಾತ್ರೆಯಿಂದ ಮಾತ್ರ ಸ್ವೀಕರಿಸಬಹುದು. ನಿಯಮ ಉಳಿಯಿತು, ಪಂಕ್ತಿಯಲ್ಲಿ ಆ ಒಬ್ಬರ ಸ್ಥಾನವೂ ಉಳಿಯಿತು. ಪ್ರಭುವಿನ ಮೇಜಿನಲ್ಲಿ ಒಬ್ಬ ರೋಗಿಗಾಗಿ ಇಷ್ಟು ಯೋಚನೆ ನಡೆದಿರುವಾಗ, ನಮ್ಮ ಮನೆಯ ಮೇಜಿನಲ್ಲಿ ನಡೆಯಬಾರದೇ?

ದಾನಿಯೇಲನ ಗ್ರಂಥದ ಮೊದಲ ಅಧ್ಯಾಯವನ್ನು ನೆನೆಯಿರಿ. ಅರಸನ ಭೋಜನವನ್ನು ಬಿಟ್ಟು ಹತ್ತು ದಿನ ಕಾಯಿಪಲ್ಯ ಮತ್ತು ನೀರಿನಲ್ಲಿ ಬದುಕುವ ಪರೀಕ್ಷೆಯನ್ನು ದಾನಿಯೇಲನು ತಾನೇ ಕೇಳಿಕೊಂಡನು. ಆ ಕಥೆಯಲ್ಲಿ ನಾವು ಸುಲಭವಾಗಿ ಮರೆಯುವ ಸಂಗತಿಯೊಂದಿದೆ: ಅವನು ಒಬ್ಬಂಟಿಯಾಗಿ ಉಣ್ಣಲಿಲ್ಲ. ಮೂವರು ಗೆಳೆಯರು ಜೊತೆಗೆ ಕುಳಿತು ಅದನ್ನೇ ಉಂಡರು.

ನಿಮ್ಮ ಮನೆಯಲ್ಲೂ ಹಾಗೆಯೇ ಹತ್ತು ದಿನ ಪ್ರಯತ್ನಿಸಿ ನೋಡಿ. ರಾತ್ರಿಯ ಊಟಕ್ಕೆ ಸೋರೆಯ ಶಾವಿಗೆ ಎಲ್ಲರ ತಟ್ಟೆಗೂ ಬರಲಿ. ಧಾನ್ಯ ಬೇಕಾದವರು ಅದರ ಪಕ್ಕದಲ್ಲಿ ಅನ್ನವನ್ನೋ ಮುದ್ದೆಯನ್ನೋ ಬಡಿಸಿಕೊಳ್ಳಲಿ. ಕಾಯಿ ತುರಿಯುವ ಕೆಲಸ ಮಕ್ಕಳದ್ದಾಗಲಿ, ನೀರು ಹಿಂಡುವುದು ಅಪ್ಪನ ಪಾಲಿಗಿರಲಿ. ಅಮ್ಮ ಕೊನೆಯಲ್ಲಿ ಉಣ್ಣದೆ ಎಲ್ಲರ ಜೊತೆಗೆ ಕೂರಲಿ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಅವರೇ ಹೇಳಲಿ.