ಯಾರು ಯಾರಿಗೆ ಹೇಳಿದ ಹಾಡು?

ಸಾವಿನ ಹಾಡು ಕೇಳುವುದಕ್ಕೆ ನಮ್ಮಲ್ಲಿ ಒಳ್ಳೆಯ ಹೊತ್ತು ಅಂತ ಒಂದಿಲ್ಲ. ಬೆಳಗ್ಗೆ ಹಾಕಿದರೆ ‘ಎದ್ದ ಕೂಡಲೇ ಇದೇನು ಅಪಶಕುನ’ ಎನ್ನುತ್ತಾರೆ. ಶುಕ್ರವಾರ ಆಗದು, ಅದು ಲಕ್ಷ್ಮಿಯ ವಾರ. ದೀಪ ಹಚ್ಚುವ ಹೊತ್ತಿನಲ್ಲಂತೂ ಕೂಡದೇ ಕೂಡದು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿದ್ದರೆ ಆ ಹಾಡಿನ ಹೆಸರನ್ನೂ ಎತ್ತುವಂತಿಲ್ಲ. ನಿಜವಾಗಿ ಯಾರಾದರೂ ತೀರಿಕೊಂಡ ದಿನ ಕೇಳೋಣವೆಂದರೆ, ಅರ್ಥ ಬಿಡಿಸುತ್ತ ಕೂರುವಷ್ಟು ಸಮಾಧಾನ ಆಗ ಯಾರಿಗಿರುತ್ತದೆ? ಹೀಗಾಗಿ ಈ ಚಟ ಅಂಟಿದವರು ಕದ್ದು ಬೀಡಿ ಸೇದುವ ಹುಡುಗರಂತೆ ಮಹಡಿ ಹತ್ತಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನೀರಿನ ಟ್ಯಾಂಕಿನ ಮರೆಯಲ್ಲಿ ಅಡ್ಡಾಡಬೇಕಾಗುತ್ತದೆ.

ನನಗೆ ಹಾಡಲು ಬರುವುದಿಲ್ಲ. ತಾಳಜ್ಞಾನವೂ ಅಷ್ಟಕ್ಕಷ್ಟೆ. ಆದರೆ ಸಾವಿನ ಸುತ್ತ, ಅಳಲಿನ ಸುತ್ತ, ಅದರಾಚೆಯ ಒಂದಿಷ್ಟು ಭರವಸೆಯ ಸುತ್ತ ಕಟ್ಟಿದ ಹಾಡೊಂದು ಸಿಕ್ಕರೆ ಅದನ್ನು ಬಿಡಿಸುತ್ತ ಕೂರುವುದಿದೆಯಲ್ಲ, ಅದರ ಮುಂದೆ ನನಗೆ ಬೇರೆ ಸುಖ ಬೇಡ. ಇದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಕಿಲ್ಲ. ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇಲ್ಲಿ ಯಾರು, ಯಾರಿಗೆ ಹೇಳುತ್ತಿದ್ದಾರೆ? ತತ್ವ, ಅಲಂಕಾರ, ರಸ ಎಲ್ಲ ಆಮೇಲೆ. ಇದು ಗೊತ್ತಾದರೆ ಹಾಡಿನ ಬಾಗಿಲು ಅರ್ಧ ತೆರೆದ ಹಾಗೆ.

ಹೀಗೆ ಕೇಳುವುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ಹಾವೇರಿ ಕಡೆಯ ಸಾವಿನ ಮನೆಗಳಿಂದ. ಅಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಆ ಅಳು ಪೂರ್ತಿ ಸತ್ತವರ ಜೊತೆಗಿನ ಮಾತುಕತೆ. ಅರ್ಧಕ್ಕೆ ನಿಂತ ಬಾವಿ, ತೀರದ ಎತ್ತಿನ ಸಾಲ, ಗೊತ್ತಾಗದೆ ಉಳಿದ ಮಗಳ ಲಗ್ನ ಎಲ್ಲವನ್ನೂ ಹೆಸರು ಹಿಡಿದು ಹೇಳಿ, ‘ಇದನ್ನೆಲ್ಲ ಯಾರ ಕೈಗೆ ಕೊಟ್ಟು ಹೋದಿ’ ಎಂದು ಜಗಳ ತೆಗೆಯುತ್ತಾರೆ. ಅಷ್ಟರಲ್ಲಿ ಹೊಸ್ತಿಲಲ್ಲಿ ಹೊಸ ನೆಂಟರು ಕಾಣಿಸಿದರೋ, ಅಳು ಅವರ ಕಡೆ ತಿರುಗುತ್ತದೆ. ‘ಬಾ, ನಿನ್ನ ಅಣ್ಣ ಹೆಂಗ ಕುಂತಾನ ನೋಡು ಬಾ’ ಎಂದು ಮೊದಲಿನಿಂದ ಶುರು. ಲಿಂಗಾಯತರ ಮನೆಯಾದರೆ ಅಣ್ಣ ನಿಜವಾಗಿಯೂ ಕುಂತೇ ಇರುತ್ತಾನೆ: ಪಡಸಾಲೆಯ ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹೂವಿನ ಹಾರ ಹಾಕಿ ಕೂರಿಸಿರುತ್ತಾರೆ.

ರಾತ್ರಿಯಾದರೆ ಭಜನೆಯವರು ಬರುತ್ತಾರೆ. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ. ಮುಂದಿನವನು ಒಂದು ಸೊಲ್ಲು ಎತ್ತಿಕೊಟ್ಟರೆ ಹಿಂದಿನವರು ಅದನ್ನು ಹಿಡಿದು ಮತ್ತೆ ಹೇಳುತ್ತಾರೆ. ಮೊದಮೊದಲು ಅಳುವೇ ಮೇಲಾಗಿ ಹಾಡು ಕೇಳಿಸುವುದೇ ಇಲ್ಲ. ಚಹಾದ ಕಿಟ್ಲಿ ಒಂದು ಸುತ್ತು ಬಂದು ಹೋದ ಮೇಲೆ ಅಳು ತುಸು ತಗ್ಗಿ, ಗೋಡೆಗೆ ಒರಗಿದ ಹೆಂಗಸರಲ್ಲಿ ಒಬ್ಬಿಬ್ಬರು ತುಟಿ ಅಲ್ಲಾಡಿಸುತ್ತ ಸೊಲ್ಲಿಗೆ ದನಿಗೂಡಿಸುತ್ತಾರೆ. ಯಾರೂ ಯಾರಿಗೂ ಸಮಾಧಾನ ಹೇಳಿರುವುದಿಲ್ಲ. ಬರೀ ಹಾಡು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟಿರುತ್ತದೆ, ಅಷ್ಟೇ. ನಾನು ಹೇಳಬೇಕೆಂದಿರುವುದೂ ಇದನ್ನೇ. ದುಃಖದ ಹಾಡಿನಲ್ಲಿ ಭರವಸೆ ಇರುವುದು ಅದು ಹೇಳುವ ಸಮಾಧಾನದ ಮಾತಿನಲ್ಲಲ್ಲ, ಅದು ಯಾರನ್ನೋ ಕರೆದು ಮಾತಾಡಿಸುವುದರಲ್ಲಿ.

ಇದನ್ನು ಪರೀಕ್ಷಿಸಲು ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಗಿಂತ ಒಳ್ಳೆಯ ಹಾಡು ಬೇಕೆ? ಇದು 1938ರ ‘ನಾದಲೀಲೆ’ ಸಂಕಲನದ್ದು. ಹೆಸರು ಕೇಳಿದವರು ಇದನ್ನು ಪ್ರೇಮಗೀತೆ ಎಂದುಕೊಳ್ಳುವುದುಂಟು. ನನ್ನ ಗೆಳೆಯನೊಬ್ಬ ಹೆಂಡತಿಯ ಕರೆಗೆಂದು ಇದನ್ನೇ ರಿಂಗ್‌ಟೋನ್ ಮಾಡಿಕೊಂಡಿದ್ದ. ಬೇಂದ್ರೆ ದಂಪತಿ ಕಳೆದುಕೊಂಡ ಮಕ್ಕಳು ಒಬ್ಬಿಬ್ಬರಲ್ಲ, ಅಂಥದೊಂದು ಹೊತ್ತಿನಲ್ಲಿ ಗಂಡ ಹೆಂಡತಿಗೆ ಹೇಳುವ ಮಾತು ಇದು ಎಂದು ನಾನು ಅವನಿಗೆ ವಿವರಿಸಿದೆ. ಪಾಪ, ಅವನು ಅಂದೇ ಅದನ್ನು ತೆಗೆದುಹಾಕಿದ.

ಗಂಡ ಅಲ್ಲಿ ಹೇಳುವುದಾದರೂ ಏನು? ಧೈರ್ಯ ತಂದುಕೋ ಎನ್ನುವುದಿಲ್ಲ, ದೇವರ ಇಚ್ಛೆ ಎಂದರೂ ಅಷ್ಟಕ್ಕೇ ಕೈ ತೊಳೆದುಕೊಳ್ಳುವುದಿಲ್ಲ. ನೀನು ಹೀಗೆ ನೋಡಿದರೆ ನಾನು ನಿನ್ನನ್ನು ಹೇಗೆ ನೋಡಲಿ ಎನ್ನುತ್ತಾನೆ. ನೋಡಲಾರೆ ಎಂದವನು ಆಮೇಲೆ ಪದ್ಯದುದ್ದಕ್ಕೂ ಮಾಡುವ ಕೆಲಸವೆಂದರೆ ಅವಳನ್ನೇ ನೋಡುವುದು! ಕಣ್ಣಿಗೆ ಇಬ್ಬನಿಯಲ್ಲಿ ತೊಯ್ದ ಕವಳಿ ಹಣ್ಣು ನೆನಪಾಗುತ್ತದೆ. ತಾಂಬೂಲ ಹಾಕದೆಯೂ ಕೆಂಪಗಿದ್ದ ತುಟಿಯ ಬಣ್ಣ ಎಲ್ಲಿ ಹಾರಿಹೋಯಿತೆಂದು ಹುಡುಕುತ್ತಾನೆ. ಗದ್ದ, ಹಣೆ ಯಾವುದನ್ನೂ ಬಿಡುವುದಿಲ್ಲ. ಹಗಲು ಮುಗಿಲಿನಲ್ಲಿ ಪೇಲವವಾಗಿ ತೇಲುವ ಹುಣ್ಣಿಮೆ ಚಂದ್ರ ಅವನಿಗೆ ಹೆಣದ ಹಾಗೆ ಕಾಣುತ್ತಾನೆ. ಹೆಣವನ್ನು ಮನೆಯೊಳಗೆ ನೋಡಲಾಗದೆ ಆಕಾಶದಲ್ಲಿ ಕಂಡನೆಂದು ನಾನು ಓದಿಕೊಳ್ಳುತ್ತೇನೆ. ಕೊನೆಗೆ ಅವನು ಕೇಳುವುದು ಒಂದೇ: ಸುಳ್ಳು ನಗೆಯಲ್ಲಿ ದುಃಖ ಮುಚ್ಚಬೇಡ, ತುಟಿ ಕಚ್ಚಿ ಬಿಕ್ಕು ತಡೆಯಬೇಡ, ಅಳುವುದಿದ್ದರೆ ಅತ್ತುಬಿಡು. ಸಾವಿನ ಮನೆಯಲ್ಲಿ ‘ಅಳಬೇಡ’ ಎನ್ನುವವರು ನೂರು ಮಂದಿ, ‘ಅಳು’ ಎನ್ನುವ ಧೈರ್ಯ ಇರುವವನು ಒಬ್ಬ. ಇದರಲ್ಲಿ ಭರವಸೆ ಎಲ್ಲಿದೆ ಎಂದರೆ, ಆ ಇಬ್ಬರ ನಡುವೆ ಮಾತು ಇನ್ನೂ ಸತ್ತಿಲ್ಲವಲ್ಲ, ಅಲ್ಲಿದೆ.

ಶಿಶುನಾಳ ಶರೀಫರು (1819–1889) ಇದಕ್ಕೆ ಎದುರು ದಿಕ್ಕಿನವರು. ಅವರ ‘ಅಳಬೇಡ ತಂಗಿ ಅಳಬೇಡ’ ಹಾಡು ಹೆಸರಿನಲ್ಲೇ ಅಳು ಬೇಡ ಎನ್ನುತ್ತದೆ. ಮೇಲುನೋಟಕ್ಕೆ ಅದು ತವರು ಬಿಟ್ಟು ಹೊರಟ ಮದುಮಗಳಿಗೆ ಹೇಳುವ ಮಾತು. ಬಂದ ಬಳಗವೆಲ್ಲ ಕಳಿಸಲು ಬಂದವರೇ ಹೊರತು ಉಳಿಸಿಕೊಳ್ಳುವವರು ಒಬ್ಬರೂ ಇಲ್ಲ ಎಂಬಲ್ಲಿಗೆ ಬಂದಾಗ, ಇದು ಯಾವ ಊರಿನ ದಿಬ್ಬಣ ಎಂದು ಮೈ ಜುಮ್ಮೆನ್ನುತ್ತದೆ. ಆ ತಂಗಿ ಜೀವ, ಆ ಗಂಡನ ಮನೆ ಸಾವಿನಾಚೆಯದು ಎಂದು ಬಲ್ಲವರು ಅರ್ಥ ಹೇಳುತ್ತಾರೆ. ಹೌದು, ಹಾಗೇ ಇದ್ದೀತು. ಆದರೆ ಅಷ್ಟು ಬೇಗ ಅಲ್ಲಿಗೆ ಹಾರಿಬಿಟ್ಟರೆ ಹಾಡು ಕೈತಪ್ಪುತ್ತದೆ. ಸ್ವಲ್ಪ ನಿಂತು ನೋಡಿ. ನಮ್ಮ ಕಡೆ ಮುತ್ತೈದೆ ಸತ್ತರೆ ಅರಿಷಿಣ ಹಚ್ಚಿ, ಹೊಸ ಸೀರೆ ಉಡಿಸಿ, ತಲೆಗೆ ಹೂ ಮುಡಿಸಿ, ಉಡಿ ತುಂಬಿ ಕಳಿಸುತ್ತಾರೆ. ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗಲೂ ಇದೇ ಅರಿಷಿಣ, ಇದೇ ಸೀರೆ, ಇದೇ ಉಡಿ. ಹಾಡಿನ ತಂಗಿಯೂ ರೇಷ್ಮೆ ದಡಿಯ ಸೀರೆ ಉಟ್ಟವಳೇ. ಶರೀಫರು ಹೋಲಿಕೆಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಲಿಲ್ಲ, ಊರಲ್ಲಿ ಕಣ್ಣೆದುರು ನಡೆಯುವುದನ್ನೇ ಎತ್ತಿಕೊಂಡರು. ಆಮೇಲೆ, ಕರೆದದ್ದು ‘ತಂಗಿ’ ಎಂದು. ಹಾಗೆ ಕರೆಯಬೇಕಾದರೆ ಹೇಳುವವನು ಅಣ್ಣನಾಗಲೇಬೇಕು. ಉಳಿಸಿಕೊಳ್ಳುವವರು ಯಾರೂ ಇಲ್ಲ ಎನ್ನುವ ಕಠಿಣ ಮಾತನ್ನು ಹೇಳಲು ಒಬ್ಬ ಅಣ್ಣ ಜೊತೆಗೆ ನಿಂತಿದ್ದಾನೆ. ಈ ಸಣ್ಣ ವಿರೋಧಾಭಾಸ ಕಂಡಾಗ ನನಗಾಗುವ ಖುಷಿ ಹೇಳತೀರದು.

ಶರೀಫರದೇ ಆದ ‘ಮೋಹದ ಹೆಂಡತಿ’ಯ ಕಥೆಯೇ ಬೇರೆ. ಹುಬ್ಬಳ್ಳಿಯ ಮದುವೆ ಆರತಕ್ಷತೆಯೊಂದರಲ್ಲಿ ಸುಗಮ ಸಂಗೀತದವರು ಅದನ್ನು ಭರ್ಜರಿಯಾಗಿ ಹಾಡಿದರು. ಹೆಂಡತಿ ತೀರಿದ ಮೇಲೆ ಮಾವನ ಮನೆಯ ಹಂಗು ಏಕೆ ಎಂದು ಕೇಳುವ ಹಾಡಿಗೆ ಮದುಮಗ ಕೂತಲ್ಲೇ ತಾಳ ಹಾಕುತ್ತಿದ್ದ, ಮುಂದಿನ ಸಾಲಿನ ಸೋಫಾದಲ್ಲಿ ಮಾವ ತಲೆದೂಗುತ್ತಿದ್ದರು! ತಪ್ಪು ಅವರದಲ್ಲ. ಸಿ. ಅಶ್ವತ್ಥ್ ದನಿಯಲ್ಲಿ ಶರೀಫರ ಪದಗಳು ನಾಡಿನ ಮೂಲೆಮೂಲೆ ಮುಟ್ಟಿವೆ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲಂತೂ ಕೇಳುವುದೇ ಬೇಡ. ಧಾಟಿಯ ಸೆಳೆತಕ್ಕೆ ಕಾಲು ಕುಣಿಯುತ್ತದೆ, ಸಾವು ಹಿಂದಿನ ಬಾಗಿಲಿಂದ ಬಂದು ಕೂತದ್ದು ಗೊತ್ತೇ ಆಗುವುದಿಲ್ಲ. ಹೆಂಡತಿ ಎಂದರೆ ಮಾಯೆ, ಮಾವನ ಮನೆ ಎಂದರೆ ಸಂಸಾರ ಎಂದು ವೇದಾಂತ ಹೇಳುವವರುಂಟು. ಆದರೆ ಶರೀಫರ ಹೆಂಡತಿ ಅವರಿಗಿಂತ ಮೊದಲೇ ತೀರಿಕೊಂಡದ್ದೂ ಅಷ್ಟೇ ನಿಜ. ಈ ಹಾಡಿನಲ್ಲಿ ಅವರು ಮಾತಾಡುವುದು ತಮ್ಮೊಡನೆ ತಾವೇ. ಕೇಳಲು ಯಾರೂ ಇಲ್ಲದಾಗ ಮನುಷ್ಯ ತನ್ನನ್ನೇ ಎರಡಾಗಿ ಸೀಳಿಕೊಂಡು, ಒಬ್ಬನನ್ನು ಎದುರಿಗೆ ಕೂರಿಸಿಕೊಳ್ಳುತ್ತಾನೆ. ಮಾಯೆಯ ಅರ್ಥವನ್ನು ನಾನು ತಳ್ಳಿಹಾಕುವುದಿಲ್ಲ. ಸತ್ತ ಹೆಂಗಸು ಮೊದಲು ಹೆಂಗಸಾಗಿರಲಿ, ಆಮೇಲೆ ಮಾಯೆಯಾಗಲಿ ಎನ್ನುವುದಷ್ಟೇ ನನ್ನ ಹಠ.

ತನ್ನೊಡನೆ ತಾನೇ ಮಾತಾಡುವ ಇನ್ನೊಂದು ಹಾಡು ಕನಕದಾಸರ ‘ತಲ್ಲಣಿಸದಿರು ಕಂಡ್ಯ’. ಅದು ಸಾವಿನ ಹಾಡೆಂದು ಹುಟ್ಟಿದ್ದಲ್ಲ, ಆದರೂ ಸೂತಕದ ಮನೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ಅಲ್ಲಿ ಕನಕರು ಮನಸ್ಸನ್ನು ಎದುರಿಗೆ ಕೂರಿಸಿಕೊಂಡು, ಬೆಟ್ಟದ ತುದಿಯ ಮರ, ಕಲ್ಲೊಳಗಿನ ಕಪ್ಪೆ ಎಂದು ಒಂದೊಂದೇ ಸಾಕ್ಷಿ ಮುಂದಿಡುತ್ತಾರೆ. ಹೆದರಿದ ಮನಸ್ಸಿಗೆ ಉಪದೇಶ ಹಿಡಿಸುವುದಿಲ್ಲ, ಕಣ್ಣಿಗೆ ಕಾಣುವ ವಸ್ತು ಹಿಡಿಸುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು.

ಸತ್ತವನೇ ಬಾಯಿಬಿಟ್ಟರೆ? ಅದು ದಿನಕರ ದೇಸಾಯಿಯವರ ‘ನನ್ನ ದೇಹದ ಬೂದಿ’. ಚುಟುಕು ಬ್ರಹ್ಮ ಎಂದು ಹೆಸರಾದ ದೇಸಾಯಿಯವರು ಅಂಕೋಲೆಯ ಕಡೆಯವರು. ಉತ್ತರ ಕನ್ನಡದಲ್ಲಿ ರೈತ ಚಳವಳಿ ಕಟ್ಟಿದರು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ಶಾಲೆಗಳನ್ನು ತೆರೆದರು. ಇಷ್ಟು ಕೆಲಸ ಮಾಡಿದ ಮನುಷ್ಯ ಸತ್ತ ಮೇಲಾದರೂ ಸುಮ್ಮನಿದ್ದಾರೆಯೇ? ಬೂದಿಗೂ ಕೆಲಸ ಹಚ್ಚುತ್ತಾರೆ. ಮೊದಲು ಭತ್ತದ ಗದ್ದೆಗೆ ಗೊಬ್ಬರ, ಆಮೇಲೆ ಹೊಳೆಯ ಮೀನಿಗೆ ಮೇವು, ಕೊನೆಗೆ ಕೊಳದ ತಾವರೆಗೆ ಕೆಸರು. ಈ ಅನುಕ್ರಮವನ್ನು ನಾನು ಮತ್ತೆ ಮತ್ತೆ ಚಪ್ಪರಿಸುತ್ತೇನೆ. ಅನ್ನ, ಮೀನು, ಹೂವು. ಕರಾವಳಿಯ ಹೊಟ್ಟೆ ತುಂಬಿದ ಮೇಲೇ ತಾವರೆಯ ಮಾತು! ಇಲ್ಲಿ ಆತ್ಮದ ಸುದ್ದಿಯಿಲ್ಲ, ಸ್ವರ್ಗದ ಹಂಬಲವಿಲ್ಲ. ಇರುವುದು ಉಳಿದವರಿಗೆ ಕೊಟ್ಟ ಅಪ್ಪಣೆ: ಇಲ್ಲಿ ತೂರಿ, ಅಲ್ಲಿ ಹರಿಯಬಿಡಿ. ಸಾವಿನ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕಷ್ಟ ಕೈಗೆ ಕೆಲಸವಿಲ್ಲದಿರುವುದು. ಕವಿ ಅದನ್ನು ಬಲ್ಲವರಂತೆ ಅಳುವವರ ಕೈಗೆ ಕೆಲಸ ಕೊಟ್ಟು ಹೋಗುತ್ತಾರೆ.

ಇದೇ ಪ್ರಶ್ನೆ ಹಿಡಿದು ದೂರ ದೂರಕ್ಕೂ ಹೋಗಬಹುದು. ಕ್ರಿ.ಶ. 680ರ ಕರ್ಬಲಾದ ಸಾವು ವಿಜಯಪುರ, ಕೊಪ್ಪಳ, ರಾಯಚೂರಿನ ಹಳ್ಳಿಗಳಲ್ಲಿ ಮೊಹರಮ್ಮಿನ ರಿವಾಯತ್ ಪದವಾಗಿ ಅಚ್ಚಗನ್ನಡದಲ್ಲಿ ಅಳುತ್ತದೆ. ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಯಾವುದೋ ಮರುಭೂಮಿಯಲ್ಲಿ ನೀರಿಲ್ಲದೆ ಮಡಿದವರನ್ನು ತಮ್ಮ ಓಣಿಯ ಹುಡುಗರೆಂಬಂತೆ ಹೆಸರು ಹಿಡಿದು ಕೂಗುತ್ತಾರೆ.

ಬಿ.ಎಂ.ಶ್ರೀ. ಅವರ ‘ಕರುಣಾಳು ಬಾ ಬೆಳಕೆ’ಯೂ ದೂರದಿಂದಲೇ ಬಂದದ್ದು. ಅದರ ಮೂಲವನ್ನು ಜಾನ್ ಹೆನ್ರಿ ನ್ಯೂಮನ್ ಬರೆದದ್ದು 1833ರಲ್ಲಿ. ಸಿಸಿಲಿಯಲ್ಲಿ ಜ್ವರದಿಂದ ಸಾವಿನ ಬಾಗಿಲು ತಟ್ಟಿ ಬಂದು, ಪಲೆರ್ಮೊದಿಂದ ಮಾರ್ಸೇಲ್ಸಿಗೆ ಹೊರಟ ಹಡಗಿನಲ್ಲಿ. ಗಾಳಿ ಬಿದ್ದುಹೋಗಿ ಹಡಗು ನಡುನೀರಿನಲ್ಲಿ ನಿಂತುಬಿಟ್ಟಿತ್ತು. ನಮ್ಮ ಶಾಲೆಗಳಲ್ಲಿ ಅದು ಬೆಳಗಿನ ಪ್ರಾರ್ಥನೆಯಾಯಿತು. ಅರ್ಥ ತಿಳಿಯದ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತು ಕತ್ತಲೆಯ ಹಾಡು ಹಾಡಿದೆವು. ಈಗ ಬಿಡಿಸಿ ನೋಡಿದರೆ ಅದರ ಬೇಡಿಕೆ ಎಷ್ಟು ಸಣ್ಣದು! ದೂರದ ದಾರಿಯೆಲ್ಲ ಕಾಣಲಿ ಎಂಬ ಆಸೆಯಿಲ್ಲ, ಮುಂದೆ ಕಾಲಿಡುವಷ್ಟು ಜಾಗ ಕಂಡರೆ ಸಾಕು. ಮಾತಾಡಿಸಲು ಮನುಷ್ಯರು ಸಿಗದಿದ್ದರೆ ಬೆಳಕೂ ಆದೀತು.

ಇಷ್ಟು ಹಾಡು ಕೇಳಿದವನಿಗೆ ತನ್ನ ಸಾವಿಗೆ ಯಾವುದು ಎಂಬ ಯೋಚನೆ ಬಾರದೆ ಇರುತ್ತದೆಯೇ? ಮೊನ್ನೆ ಒಂದು ಪಟ್ಟಿ ಮಾಡಿದೆ. ಭಜನೆಯವರು ಮೊದಲು ಶರೀಫರ ಪದ ಹಾಡಲಿ, ನಡುರಾತ್ರಿ ಬೇಂದ್ರೆಯವರದು, ಬೆಳಗಿನ ಜಾವ ದೇಸಾಯಿಯವರದು ಎಂದೆಲ್ಲ ಬರೆದು ಹೆಂಡತಿಗೆ ಓದಿ ಹೇಳಿದೆ. ಆಕೆ ಅವರೆಕಾಳು ಸುಲಿಯುತ್ತಿದ್ದವಳು ತಲೆ ಎತ್ತದೆ, ‘ಅಲ್ರೀ, ಮೊದಲ ಹೋಗೋರು ನೀವ ಅಂತ ಯಾರು ಹೇಳಿದ್ರು?’ ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಕೆಯೇ ಮುಂದುವರಿಸಿದಳು: ‘ನಾ ಮೊದಲ ಹೋದ್ರ ನೀವು ಮೂಲ್ಯಾಗ ಕುಂತು, ಇದನ್ನ ಯಾರು ಯಾರಿಗೆ ಹೇಳ್ಯಾರ ಅಂತ ಲೆಕ್ಕಾ ಹಾಕಬ್ಯಾಡ್ರಿ ಮತ್ತ. ಬಾಯಿ ತೆಗದು ಅಳ್ರಿ. ಈಗ ಎದ್ದು ಗ್ಯಾಸಿನವಗ ಫೋನ್ ಮಾಡ್ರಿ, ಸಿಲಿಂಡರ್ ಮುಗದೈತಿ.’

ಯಾರು ಯಾರಿಗೆ ಹೇಳಿದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಎದ್ದು ಫೋನ್ ಮಾಡಿದೆ.