ಆಯಿ ಕೇಳಿದ ಪ್ರಶ್ನೆ

ಕಲಬುರಗಿ ನಿಲ್ದಾಣದಲ್ಲಿ ಬಸ್ಸಿಗಾಗಿ ಕಾಯುತ್ತಿದ್ದೆ. ‘ಇದು ಆಳಂದಕ್ಕ ಹೋಗ್ತದೇನ್ ತಮ್ಮಾ?’ ಎಂದು ಮುದುಕಿಯೊಬ್ಬಳು ಕೇಳಿದಳು.

‘ಬೋರ್ಡ್ ಹಾಕ್ಯಾರಲ್ಲ ಆಯಿ, ನೋಡಬಾರ್ದಾ?’ ಎಂದೆ.

‘ಓದ್ಲಾಕ ಬಂದಿದ್ರ ನಿನಗ್ಯಾಕ ಕೇಳ್ತಿದ್ದೆ?’

ಲಾಡ್ಲೆ ಮಶಾಕರ ದರ್ಗಾ ಇರುವ ಆಳಂದ ತಲುಪಿದರೂ ಆ ಮಾತು ನನ್ನನ್ನು ಬಿಡಲಿಲ್ಲ. ಬೋರ್ಡು ಓದಬಲ್ಲವರನ್ನಷ್ಟೇ ನೆನೆದು ಬರೆದದ್ದು, ತಪ್ಪು ಆಯಿಯದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ ನಿತ್ಯಬಳಕೆಯ ವಸ್ತುಗಳ ಕುರಿತು 1988ರಲ್ಲಿ ಬರೆದ ಪುಸ್ತಕದ ತಿರುಳೂ ಇದೇ: ಬಳಸುವವರು ಮತ್ತೆ ಮತ್ತೆ ಎಡವುತ್ತಿದ್ದರೆ ದೋಷವನ್ನು ವಿನ್ಯಾಸದಲ್ಲಿ ಹುಡುಕಬೇಕು.

ಓದಲು ಬಾರದವರೂ ಮತಗಟ್ಟೆಯಲ್ಲಿ ಯಾರನ್ನೂ ಕೇಳಬೇಕಿಲ್ಲ. ಕೇಳಿದರೆ ಮತದ ಗುಟ್ಟು ಉಳಿಯುವುದಾದರೂ ಹೇಗೆ? ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುವ ಮತಯಂತ್ರದಲ್ಲಿ ಚಿಹ್ನೆಯ ಪಕ್ಕದಲ್ಲೇ ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ, ಬೀಪ್ ಸದ್ದು. ‘ಆಯಿತು’ ಎಂದು ಯಂತ್ರವೇ ಹೇಳುತ್ತದೆ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಗೆ ಬಂದ ಈ ಯಂತ್ರ ಅಕ್ಷರ ಬಾರದವರನ್ನೂ ಲೆಕ್ಕಕ್ಕೆ ಹಿಡಿದಿದೆ.

ಮರುದಿನ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಹೋದೆ. ಭೀಮಾ–ಅಮರ್ಜಾ ಸಂಗಮದ ಈ ದತ್ತಕ್ಷೇತ್ರದಲ್ಲಿ ಪಾದುಕೆಗಳ ದರ್ಶನ ಪುಟ್ಟ ಕಿಂಡಿಯೊಂದರ ಮೂಲಕ. ಕಿಂಡಿ ಚಿಕ್ಕದು, ಜನ ಬಹಳ. ಒಬ್ಬರ ಹಿಂದೆ ಒಬ್ಬರು ನಿಲ್ಲದೆ ವಿಧಿಯಿಲ್ಲ. ಹೇಗೆ ನೋಡಬೇಕೆಂದು ಯಾರೂ ಕಲಿಸಬೇಕಿಲ್ಲ, ಕಿಂಡಿಯೇ ಕಲಿಸುತ್ತದೆ.

ಕೊನೆಗೆ ಭೀಮೆಯನ್ನು ದಾಟಿ ಜೇವರ್ಗಿ ಕಡೆಗೆ. ಕಪ್ಪು ನೆಲ, ಜೋಳ, ತೊಗರಿಯ ಸೀಮೆ. ಈಗ ಟ್ರ್ಯಾಕ್ಟರುಗಳು ಬಿತ್ತುತ್ತವೆ. ಹಳೆಯ ಮರದ ಕೂರಿಗೆಯೊಂದು ಕೊಟ್ಟಿಗೆಯ ಮೂಲೆಯಲ್ಲಿ ಒರಗಿತ್ತು. ಮೇಲಿನ ಬಟ್ಟಲಿಗೆ ಕಾಳು ಬಿಟ್ಟರೆ ಅದು ತೂತುಗಳಿಂದ ಬಿದಿರಿನ ಕೊಳವೆಗಳಿಗಿಳಿದು ಸಾಲುಗಳಿಗೆ ಬೀಳುತ್ತದೆ. ಸಾಲಿಗೂ ಸಾಲಿಗೂ ಅಂತರ ಎಷ್ಟೆಂದು ಅಳೆಯುವ ಗೋಜಿಲ್ಲ. ಬಡಿಗ ಅದನ್ನು ಮರದಲ್ಲೇ ಕೂಡಿಸಿಟ್ಟಿದ್ದಾನೆ. ಒಕ್ಕಲುತನ ಬಲ್ಲ ಬಡಿಗನ ಕೈಕೆಲಸ ಅದು.

ವಿನ್ಯಾಸವೆಂದರೆ ಅಂದವಾಗಿ ಚಿತ್ರ ಬರೆಯುವುದು ಎಂದುಕೊಂಡ ಪಾಲಕರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ವಿದ್ಯೆ ಕಲಿಯಬೇಕೆನ್ನುವ ಮಕ್ಕಳಾದರೂ ಮೊದಲು ಬಸ್ ನಿಲ್ದಾಣದಲ್ಲಿ ಒಂದು ತಾಸು ಸುಮ್ಮನೆ ಕುಳಿತು, ಯಾರು ಏನನ್ನು ಕೇಳುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ನೋಡಲಿ. ಜನರನ್ನು ತಿಳಿಯದೆ ವಸ್ತು ಮಾಡಲು ಹೊರಟರೆ ಅದು ಮಾಡಿದವರಿಗಷ್ಟೇ ಅರ್ಥವಾದೀತು.

ಮರಳಿ ಬರುವಾಗ ಜೇವರ್ಗಿಯಲ್ಲಿ ಯಾರೋ ‘ಈ ಗಾಡಿ ಎಲ್ಲಿಗ್ರೀ?’ ಎಂದರು. ಬೋರ್ಡಿನತ್ತ ಕೈ ತೋರಿಸಲಿಲ್ಲ. ‘ಕಲಬುರಗಿಗ್ರೀ, ಬರ್ರಿ’ ಎಂದೆ.